ಹೋಗಿ ಬನ್ನಿ ಎಂದ ಊರು

“ಗುರುಗಳೇ, ‘ನಮ್ಮ ಮನೆಗೂ ಬನ್ನಿ’ ಎಂದು ಎಷ್ಟೋ ಜನರಿಗೆ ಬಾಯಿಮಾತಿಗೆ ಹೇಳಿರುತ್ತೇವೆ. ಅವರು ನಿಜವಾಗಿಯೇ ಬಂದುಬಿಟ್ಟರೆ, ಆ ಮಾತಿಗೆ ನಾವು ಬದ್ಧರೇ?” ಎಂದು ಗೃಹಸ್ಥನಾದ ಶಿಷ್ಯನೊಬ್ಬ ಕೇಳಿದ. ಗುರುಗಳು ಒಂದು ಊರಿನ ಕತೆ ಹೇಳಿದರು.

ಕಡಲ ದಂಡೆಯಲ್ಲಿ ಒಂದೇ ಒಂದು ಗುಡಿಸಲಿತ್ತು. ಅದರಲ್ಲಿ ಒಬ್ಬ ಮೀನುಗಾರ, ಅವನ ಹೆಂಡತಿ. ಮರಳಿನಲ್ಲಿ ತೋಡಿದ ಗುಂಡಿಯಲ್ಲಿ ದಿನಕ್ಕೆ ಎರಡು ಕೊಡ ಸಿಹಿನೀರು ಒಸರುತ್ತಿತ್ತು. ಇಬ್ಬರಿಗೆ ಸಾಕು, ಮೂರನೆಯವರಿಗೆ ಸಾಲದು. ಒಂದು ದಿನ ದೂರದೇಶದ ವರ್ತಕನೊಬ್ಬನ ಹಾಯಿದೋಣಿ ಮುರಿದು ಅಲ್ಲಿ ದಡ ಸೇರಿತು. ದೋಣಿ ಸರಿಯಾಗುವವರೆಗೆ ಮೀನುಗಾರನ ಹೆಂಡತಿ ಅವನಿಗೆ ಗಂಜಿ ಹಾಕಿದಳು. ಅವನು ಅವಳ ಭಾಷೆಯ ನಾಲ್ಕು ಮಾತು ಕಲಿತ. ಹೊರಟಾಗ ಅವಳು “ಹೋಗಿ ಬನ್ನಿ” ಎಂದಳು. ಬರೀ ‘ಹೋಗಿ’ ಎನ್ನುವುದು ಅಪಶಕುನ, ಅದಕ್ಕೇ ಎಲ್ಲರೂ ಹಾಗೆ ಹೇಳುವುದು. ಪಾಪ, ವರ್ತಕನಿಗೆ ಅದು ಗೊತ್ತಿರಲಿಲ್ಲ.

ಮಳೆಗಾಲ ಕಳೆಯಿತು. ವರ್ತಕ ಬಂದ. ಜೊತೆಗೆ ಹೆಂಡತಿ, ಅತ್ತೆ, ಏಳು ಆಡು.

“ಯಾರು ಕರೆದದ್ದು ಇವರನ್ನು?” ಎಂದು ಮೀನುಗಾರ ಹೆಂಡತಿಯ ಕಿವಿಯಲ್ಲಿ ಕೇಳಿದ.

ವರ್ತಕನಿಗೆ ಅದು ಕೇಳಿಸಿತು. “ಹೋಗಿ ಬನ್ನಿ ಎಂದಿರಲ್ಲ ತಾಯಿ! ಹೋದೆ. ಬಂದೆ.”

ಅದು ಬಾಯಿಮಾತು ಎಂಬ ಉತ್ತರ ಅವಳ ನಾಲಗೆಯ ತುದಿಗೆ ಬಂತು. ಎರಡೇ ಕೊಡ ನೀರಿನ ಗುಂಡಿಯೂ ನೆನಪಾಯಿತು. ಆದರೆ ವರ್ತಕನ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನ ಅತ್ತೆಯಂತೂ ಆಗಲೇ ಗುಡಿಸಲಿನ ನೆರಳಿನಲ್ಲಿ ಕಾಲು ಚಾಚಿ ಕೂತುಬಿಟ್ಟಿದ್ದಳು. ಮೀನುಗಾರನ ಹೆಂಡತಿಗೆ ತಡೆಯಲಾರದಷ್ಟು ನಗು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಕ್ಕು ನಕ್ಕು ಸಾಕಾದ ಮೇಲೆ ಒಳಗೆ ಹೋಗಿ ಗಂಜಿಗೆ ಇನ್ನೊಂದು ಚೆಂಬು ನೀರು ಹೊಯ್ದಳು. ಮರುದಿನ ಎಲ್ಲರೂ ಸೇರಿ ದೊಡ್ಡ ಬಾವಿ ತೋಡಿದರು.

ವರ್ತಕ ದಂಡೆಗೆ ಬಂದು ಹೋಗುವ ತನ್ನ ಕಡೆಯ ವ್ಯಾಪಾರಿಗಳಿಗೆಲ್ಲ ‘ಹೋಗಿ ಬನ್ನಿ’ ಎಂದ. ಅವರೂ ಬಂದರು. ಮೀನುಗಾರನ ಹೆಂಡತಿ ಮುದುಕಿಯಾಗುವ ಹೊತ್ತಿಗೆ ದಂಡೆಯಲ್ಲಿ ಅರವತ್ತು ಮನೆ. ಎಲ್ಲ ಮನೆಯಲ್ಲೂ ಅವಳಿಗೆ ಎಲೆ ಹಾಕುತ್ತಿದ್ದರು. ಇವತ್ತು ಎಲ್ಲಿ ಉಣ್ಣಲಿ ಎಂಬುದೊಂದೇ ಅವಳ ಚಿಂತೆ. ಅಷ್ಟು ಸುಖವಾಗಿ ಬಾಳಿದಳು.

ಆಮೇಲೆ ಉಗ್ರಾಣಗಳು ಎದ್ದವು, ಬಂದರಾಯಿತು. ಘಟ್ಟದ ಮೇಲಿನ ರೋಗಿಯೊಬ್ಬ ಕಡಲಗಾಳಿಗೆಂದು ಬಂದು ಹದಿನೈದು ದಿನ ಇದ್ದ. ಅವನಿಗೂ ‘ಹೋಗಿ ಬನ್ನಿ’ ಎಂದರು. ಮರುವರ್ಷ ಅವನು ಯಾವ ರೋಗವೂ ಇಲ್ಲದ ಹದಿನಾಲ್ಕು ಜನರನ್ನು ಕರೆದುಕೊಂಡು ಬಂದ. ಜಗಲಿ ಕೋಣೆಯಾಯಿತು, ಕೋಣೆ ಲಾಡ್ಜಾಯಿತು, ಲಾಡ್ಜು ಹತ್ತಂತಸ್ತಿನ ಹೋಟೆಲಾಯಿತು. ಈಗ ಬೇಸಗೆ ರಜೆಯಲ್ಲಿ ಅಲ್ಲಿ ಕಾಲಿಡಲು ಜಾಗವಿಲ್ಲ. ಆ ಊರನ್ನು ಕಟ್ಟಿದ ರಾಜ ಯಾರು ಎಂದು ಪಂಡಿತರು ಇನ್ನೂ ಜಗಳವಾಡುತ್ತಾರೆ.

ಶಿಷ್ಯ ಮನಸಾರೆ ನಕ್ಕ. “ಎಂಥ ಹೆಂಗಸು, ಗುರುಗಳೇ!” ಎಂದ.

“ಅದಿರಲಿ, ನಿನ್ನ ಮನೆಗೆ ಬಂದು ಕೂತಿರುವವರಿಗೆ ಬಾಯಾರಿಕೆಗೆ ಏನು ಕೊಟ್ಟು ಬಂದೆ?” ಎಂದರು ಗುರುಗಳು.