ತಿಗರಿಯ ಮೇಲಿನ ಹಾಡು

"ಗುರುಗಳೇ, ನನ್ನ ಭಾವ ತೀರಿಕೊಂಡು ತಿಂಗಳುಗಳಾದವು. ನಾನಿನ್ನೂ ಅಕ್ಕನ ಮನೆಗೆ ಹೋಗಿಲ್ಲ. ಏನು ಮಾತಾಡಬೇಕೆಂದು ತಿಳಿಯದು. ತಪ್ಪು ಮಾತಾಡಿ ಅವಳ ನೋವು ಹೆಚ್ಚಿಸುವುದಕ್ಕಿಂತ, ಸರಿಯಾದ ಮಾತು ಸಿಗುವವರೆಗೆ ಕಾಯುವುದು ಒಳ್ಳೆಯದಲ್ಲವೇ?" ಎಂದು ಮರುಳಯ್ಯನೆಂಬ ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನಿಗೂ ಅವನ ಹೆಂಡತಿಗೂ ಒಬ್ಬಳೇ ಮಗಳು. ತಾಯಿ ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಕೇಳಿ ಕೇಳಿ ಕಲಿತು, ಆ ಹುಡುಗಿ ತಾಯಿಗಿಂತ ಚೆನ್ನಾಗಿ ಹಾಡುತ್ತಿದ್ದಳು. ಒಮ್ಮೆ ಪೇಟೆಯಿಂದ ಗ್ರಾಮಫೋನ್ ಕಂಪನಿಯವರು ಬಂದು, ಅವಳಿಂದ ಒಂದು ಬೀಸುವ ಪದ ಹಾಡಿಸಿಕೊಂಡು ಹೋದರು. ಆ ಹಾಡು ಪ್ಲೇಟಾಗಿ ಮನೆಗೆ ಬರುವ ಹೊತ್ತಿಗೆ ಹುಡುಗಿ ಇರಲಿಲ್ಲ. ವಿಷಮಜ್ವರ ಅವಳನ್ನು ಕೊಂಡೊಯ್ದಿತ್ತು.

ತಾಯಿ ಅತ್ತಳು. ಆಮೇಲೆ ಅಳುವುದನ್ನೂ ಬಿಟ್ಟಳು. ಅಡುಗೆ ಮಾಡುವಳು, ಮಣ್ಣು ತುಳಿಯುವಳು, ಮಾತಿಲ್ಲ. ಬೀಸುವ ಕಲ್ಲನ್ನು ಮುಟ್ಟುತ್ತಿರಲಿಲ್ಲ. ಹಿಟ್ಟು ನೆರೆಮನೆಯಿಂದ ಬರುತ್ತಿತ್ತು. ಕುಂಬಾರ ಸಮಾಧಾನ ಹೇಳಲು ಹೋದರೆ ಎದ್ದು ಒಳಗೆ ಹೋಗುವಳು. ಅವನಿಗೂ ಹೆಚ್ಚು ಮಾತು ಬರುತ್ತಿರಲಿಲ್ಲ. ಸತ್ತವಳು ಅವನ ಮಗಳೂ ಹೌದಲ್ಲ.

ಮಗಳ ದನಿ ಕೇಳಿಸಿದರೆ ಇವಳ ಎದೆ ಕರಗೀತು ಎಂದು ಅವನಿಗೆ ಅನಿಸಿತು. ಆದರೆ ಆ ಊರಿನಲ್ಲಿ ಯಾರ ಮನೆಯಲ್ಲೂ ಗ್ರಾಮಫೋನ್ ಇರಲಿಲ್ಲ. ಪೇಟೆಗೆ ಹೋಗಿ ಕೇಳಿ ಬರೋಣವೆಂದರೆ ಅವಳು ಒಲ್ಲೆನೆಂದು ತಲೆಯಾಡಿಸಿದಳು. ತಿರುಗುವುದೊಂದು ಬೇಕು, ಸೂಜಿಯೊಂದು ಬೇಕು, ದನಿಯನ್ನು ಹೊರಗೆ ತರುವ ಕೊಂಬೊಂದು ಬೇಕು, ಇಷ್ಟೇ ತಾನೇ ಎಂದುಕೊಂಡು ಅವನು ತಾನೇ ಮಾಡಲು ಕುಳಿತ. ತಿರುಗುವುದಕ್ಕೆ ಮಡಕೆ ಮಾಡುವ ಚಕ್ರ, ತಿಗರಿ ಇತ್ತು. ಮಡಕೆ ಏಳುತ್ತಿದ್ದ ಜಾಗದಲ್ಲಿ ಮೊಳೆ ನೆಟ್ಟು ಪ್ಲೇಟು ಕೂರಿಸಿದ. ಮಣ್ಣಿನ ಕೊಂಬು ಮಾಡಿ ಸುಟ್ಟ. ಅದರ ಭಾರಕ್ಕೆ ಸೂಜಿ ಮುರಿಯಿತು. ದಪ್ಪ ಕಾಗದವನ್ನು ಕಡಲೆಪುರಿಯ ಪೊಟ್ಟಣದಂತೆ ಸುತ್ತಿ, ತುದಿಗೆ ಹೊಲಿಗೆ ಸೂಜಿ ಚುಚ್ಚಿ, ಬಿದಿರಿನ ಸೀಳಿಗೆ ಕಟ್ಟಿದ. ಅದು ಮುರಿಯದೆ ನಿಂತಿತು.

ಹೆಂಡತಿ ಒಲ್ಲದ ಮನಸ್ಸಿನಿಂದ ಬಂದು ಕುಳಿತಳು. ಕುಂಬಾರ ಕೋಲಿನಿಂದ ತಿಗರಿ ತಿರುಗಿಸಿದ. ದನಿ ಬಂತು, ಮಗಳದಲ್ಲ. ಮೊದಲು ಕೋಳಿಮರಿಯಂತೆ ಕಿಚಗುಟ್ಟಿತು. ತಿಗರಿ ನಿಧಾನವಾದಂತೆ ಗಂಡಸಿನ ಗೊಗ್ಗರು ದನಿಯಾಯಿತು. ಮತ್ತೆ ತಿರುಗಿಸಿದ, ಮತ್ತೆ ಹಾಗೇ. ಸತ್ತ ಮಗಳನ್ನು ಅಣಕಿಸಿದಂತಾಯಿತಲ್ಲ ಎಂದುಕೊಂಡು ತಿಗರಿ ನಿಲ್ಲಿಸಿದ. ಪ್ಲೇಟು ತೆಗೆದಿಡಲು ಬಗ್ಗಿದ.

ಹೆಂಡತಿ ಅವನ ಕೈ ಹಿಡಿದಳು. "ಅವಳು ಅಷ್ಟು ಅವಸರ ಮಾಡುತ್ತಿರಲಿಲ್ಲ," ಎಂದಳು.

"ನನಗೆ ಆ ಪದದ ನಡೆ ಗೊತ್ತಿಲ್ಲ. ನೀನು ಹೇಳಿಕೊಡು," ಎಂದ ಕುಂಬಾರ.

ಅವಳು ತಿಗರಿಯ ಹತ್ತಿರಕ್ಕೆ ಸರಿದು ಕುಳಿತಳು. ಆಮೇಲೆ, ಬೀಸುವ ಕಲ್ಲಿನ ಗೂಟ ಹಿಡಿದವಳಂತೆ ಬಲಗೈಯನ್ನು ಸುತ್ತುತ್ತ, ಒಡೆದ ದನಿಯಲ್ಲಿ ಪದ ಎತ್ತಿಕೊಂಡಳು. ಕುಂಬಾರ ಸೂಜಿಯನ್ನು ಮತ್ತೆ ಅಂಚಿಗಿಟ್ಟ. ಕೋಲು ಬಿಟ್ಟು ಅಂಗೈಯಿಂದಲೇ ತಿಗರಿಯನ್ನು ತಳ್ಳುತ್ತ, ತಡೆಯುತ್ತ ಅವಳ ಹಾಡಿನ ನಡೆಗೆ ತಂದ. ಮೊದಲ ನುಡಿ ತೊದಲಿತು. ಎರಡನೆಯದೂ ತೊದಲಿತು. ಮೂರನೆಯ ನುಡಿಗೆ ಕಾಗದದ ಕೊಂಬಿನಿಂದ ಮಗಳು ತಾಯಿಗೆ ದನಿಗೂಡಿಸಿದಳು. ತಾಯಿಯ ಕಣ್ಣೀರು ಹರಿಯತೊಡಗಿತು, ಹಾಡು ನಿಲ್ಲಲಿಲ್ಲ. ಪದ ಮುಗಿದ ಮೇಲೆ ಗಂಡನ ಹೆಗಲಿಗೆ ತಲೆಯಿಟ್ಟು, ಜ್ವರದಲ್ಲಿ ಮಗಳು ಏನೇನು ಕೇಳಿದ್ದಳು, ತನಗೆ ಏನನ್ನು ಕೊಡಲಾಗಲಿಲ್ಲ ಎಂದು ಒಂದೊಂದೇ ಹೇಳಿಕೊಂಡಳು. ಕುಂಬಾರ ಕೇಳುತ್ತ ಕುಳಿತ. ಅವನು ಅತ್ತದ್ದು ಅಂದೇ ಮೊದಲು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಕುಂಬಾರ ಮುಂದೆ ಆ ಯಂತ್ರವನ್ನು ಸರಿಪಡಿಸಿದನೇ, ಅದು ತಾನಾಗಿ ಸರಿಯಾಗಿ ತಿರುಗುವಂತಾಯಿತೇ ಎಂದು ಮರುಳಯ್ಯ ಕೇಳಿದ.

"ಅದು ತಾನಾಗಿ ಸರಿಯಾಗಿ ತಿರುಗಿದ್ದರೆ, ಆ ತಾಯಿ ಬಾಯಿ ತೆರೆಯಬೇಕಾಗುತ್ತಿತ್ತೇ ಮಗು?" ಎಂದರು ಗುರುಗಳು.

ಮರುಳಯ್ಯ ಗುರುಗಳಿಗೆ ನಮಸ್ಕರಿಸಿ ಎದ್ದು, ಅಕ್ಕನ ಮನೆಯ ದಾರಿ ಹಿಡಿದ.