ಹೆಬ್ಬೆಟ್ಟಿನ ಕಲೆ

ಆರೋಗ್ಯ ಸಂಶೋಧನೆಯ ಶಿಬಿರದಲ್ಲಿ, ಬೆರಳಚ್ಚು ಓದುವ ಹೊಸ ಯಂತ್ರ ಪಕ್ಕದ ಶಾಯಿಪ್ಯಾಡನ್ನು ನೋಡಿ ನಕ್ಕಿತು. "ನಿನ್ನನ್ನು ಮುಟ್ಟಿದವರ ಬೆರಳೆಲ್ಲ ಮಸಿ. ನಾನು ಒಂದು ಕಲೆಯನ್ನೂ ಉಳಿಸುವುದಿಲ್ಲ."

"ಆ ಕಲೆಯೇ ನನ್ನ ಹೆಮ್ಮೆ," ಎಂದಿತು ಶಾಯಿಪ್ಯಾಡ್.

ಅಷ್ಟರಲ್ಲಿ, ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೋಗಿದ್ದ ಸಾಂತವ್ವ ಮರಳಿ ಬಂದಳು. "ಬೆರಳು ನೋಡಿ, ಎಲ್ಲಿ ಒತ್ತಿ ಬಂದಿ ಅಂತ ಸೊಸಿ ಕೇಳಿದಳ್ರಿ. ನನಗ ಹೇಳಾಕ ಬರಲಿಲ್ಲ. ಆ ಕಾಗದ ಓದಿ ಹೇಳ್ರಿ."

ಡಾಕ್ಟರು ಓದಿದರು. ಅವಳ ರಕ್ತದ ವಿವರ ಯಾವುದೋ ಕಂಪನಿಗೆ ಹೋಗುವುದಿತ್ತು.

"ಹಂಗಾರ ಬ್ಯಾಡ್ರಿ. ನನ್ನ ಹೆಬ್ಬೆಟ್ಟಿಗೆ ಕಾಟು ಹಾಕ್ರಿ," ಎಂದಳು. ಡಾಕ್ಟರು ಅದರ ಮೇಲೆ ಅಡ್ಡಗೆರೆ ಎಳೆದರು.

ಯಂತ್ರ ಬೀಗಿತು. "ಇದೇ ಒಪ್ಪಿಗೆಗೆ ನನ್ನ ಮೇಲೆ ಇನ್ನೂರು ಜನ ಬೆರಳಿಟ್ಟರು. ಒಬ್ಬರೂ ತಿರುಗಿ ಬಂದು ಕೇಳಲಿಲ್ಲ!"

"ಅವರ ಮನೆಯಲ್ಲೂ ಸೊಸೆಯಂದಿರಿದ್ದಾರೆ," ಎಂದಿತು ಶಾಯಿಪ್ಯಾಡ್. "ನೋಡಿ ಕೇಳಲು ಬೆರಳಲ್ಲಿ ಕಲೆಯಿಲ್ಲ, ಅಷ್ಟೇ."