ಬಳೆಗಾರ ಹಿಡಿದ ಕೈ

“ಗುರುಗಳೇ, ನನ್ನ ತಂಗಿ ಕಳವಳವಾದಾಗ ಅಂಗಳದಲ್ಲಿ ಗಿರಗಿರನೆ ಸುತ್ತುತ್ತಾಳೆ. ಎಷ್ಟು ಬುದ್ಧಿ ಹೇಳಿದರೂ ನಿಲ್ಲುವುದಿಲ್ಲ. ಅವಳು ಎಲ್ಲರಂತಾಗುವುದು ಹೇಗೆ?” ಎಂದು ಶಿಷ್ಯ ಕೇಳಿದ.

“ಬುದ್ಧಿ ಹೇಳಿ ಹೇಳಿ ನಿನ್ನ ಬಾಯಿ ಒಣಗಿರಬೇಕು. ಸ್ವಲ್ಪ ಹೊತ್ತು ಸುಮ್ಮನೆ ಕೇಳು,” ಎಂದು ಗುರುಗಳು ಕತೆ ತೆಗೆದರು.

ಒಬ್ಬ ತಾಯಿಗೆ ಹರೆಯದ ಮಗಳಿದ್ದಳು. ಯಾರಾದರೂ ಮೈ ಸೋಕಿದರೆ ಬೆಂಕಿ ತಗುಲಿದಂತೆ ಚೀರುತ್ತಿದ್ದಳು. ದುಃಖ ಬಂದರೆ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಿದ್ದಳು. ಹೆತ್ತವಳಿಗೆ ಅವಳನ್ನು ಅಪ್ಪಿ ಸಂತೈಸುವ ಭಾಗ್ಯವೂ ಇರಲಿಲ್ಲ. ಹರಕೆ ಆಯಿತು, ತಾಯಿತ ಆಯಿತು, ಬೈಗುಳವೂ ಆಯಿತು.

ಒಂದು ದಿನ ಬಳೆಗಾರನೊಬ್ಬ ಬಂದು ಜಗಲಿಯ ಮೇಲೆ ಬಳೆಯ ಮಲಾರ ಇಳಿಸಿದ. ನಾಲ್ಕು ಬಳೆ ತೊಟ್ಟರೆ ಮಗಳು ಊರವರ ಕಣ್ಣಿಗೆ ಸರಿಯಾಗಿ ಕಂಡಾಳು ಎಂದು ತಾಯಿಗೆ ಆಸೆ. ಮಗಳು ಮಾತ್ರ ಒಳಗೆ ಗೋಡೆಗೂ ರಾಗಿ ಮೂಟೆಗಳಿಗೂ ನಡುವೆ ಒತ್ತಿಕೊಂಡು ಕೂತಿದ್ದಳು. ತಾಯಿ ಅವಳ ಪಾಡು ಹೇಳಿಕೊಂಡಾಗ ಬಳೆಗಾರನಿಗೆ ಕುತೂಹಲವಾಯಿತು. ಬರಿಯ ಸೋಕನ್ನು ತಾಳದವಳು ಇಷ್ಟು ಭಾರವನ್ನು ಹೇಗೆ ತಾಳುತ್ತಾಳೆ? ತಾಯಿಗೆ ಅದು ಎಂದೂ ಹೊಳೆದಿರಲಿಲ್ಲ; ಅವಳು ದಿನವೂ ಮಗಳನ್ನು ಅಲ್ಲಿಂದ ಎಳೆದು ತರುತ್ತಿದ್ದಳು.

ಬಳೆಗಾರನ ಕಸುಬೇ ಕೈ ಹಿಡಿಯುವುದು. ಅಂಜುತ್ತ ಹಿಡಿದರೆ ಕೈ ಕೊಸರಿ ಬಳೆ ಒಡೆಯುತ್ತದೆ, ಅದುಮಿ ಹಿಡಿದರೆ ಕೈ ಮೆತ್ತಗಾಗುತ್ತದೆ ಎಂದು ಅವನಿಗೆ ಗೊತ್ತು. ಅವನು ಒಳಗೆ ಹೋಗಿ ಮೂಟೆಯ ಬಳಿ ಕೂತು ಅಂಗೈ ಚಾಚಿ ಸುಮ್ಮನಿದ್ದ. ಬಹಳ ಹೊತ್ತಿನ ಮೇಲೆ ಹುಡುಗಿ ತಾನಾಗಿ ಕೈಯಿಟ್ಟಳು. ಅವನು ನಿಧಾನವಾಗಿ, ಬಲವಾಗಿ ಅದುಮಿದ. ಅವಳ ಹೆಗಲು ಸಡಿಲವಾಯಿತು.

“ಈಗಲೇ ತೊಡಿಸಿಬಿಡಪ್ಪಾ,” ಎಂದಳು ತಾಯಿ. ಬಳೆ ಝಣ್ ಎಂದದ್ದೇ ತಡ, ಹುಡುಗಿ ಕೈ ಕಿತ್ತುಕೊಂಡು ಮುದುಡಿದಳು.

“ತಪ್ಪಾಯಿತು ತಾಯೀ,” ಎಂದ ಬಳೆಗಾರ. “ಮಗು ಕೈ ಕೊಟ್ಟಿತ್ತು, ನಾವು ಬಳೆ ನೋಡಿದೆವು. ನಾಳೆಯಿಂದ ಇಲ್ಲಿ ನೀವು ಕೂತುಕೊಳ್ಳಿ.” ಮಲಾರ ಹೊತ್ತುಕೊಂಡು ಹೊರಟುಹೋದ.

ತಾಯಿ ದಿನವೂ ಅಂಗೈ ಚಾಚಿ ಕೂತಳು. ಎಷ್ಟೋ ದಿನ ಬರಿಗೈಯಲ್ಲೇ ಎದ್ದಳು. ಕೊನೆಗೊಂದು ದಿನ ಮಗಳ ಕೈ ಬಂತು. ಅದುಮುತ್ತಿದ್ದಂತೆ ಮಗಳು ಮೈಯ ಭಾರವನ್ನೆಲ್ಲ ಬಿಟ್ಟು ಅವಳಿಗೆ ಒರಗಿದಳು. ತಾಯಿ ಅತ್ತುಬಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: “ಆಮೇಲೆ ಬಳೆ ತೊಟ್ಟಳೇ?”

“ಆ ತಾಯಿ ಮರೆತ ಬಳೆಯನ್ನು ನೀನು ಇನ್ನೂ ಹಿಡಿದುಕೊಂಡು ಕೂತಿದ್ದೀಯಲ್ಲೋ,” ಎಂದರು ಗುರುಗಳು.